ಎರಡು ಸೊನ್ನೆ

ಜನವರಿ 27

ಗಿಳಿಯನ್ನು ಮುಚ್ಚಿಬಿಡುವುದೆಂದು ಬೆಳಿಗ್ಗೆ ತೀರ್ಮಾನ ಮಾಡಿದ್ದೆ. ಮಧ್ಯಾಹ್ನ ಒಂದು ಇ-ಮೇಲ್ ಬಂದು ತೀರ್ಮಾನ ಕೆಡಿಸಿತು.

ಗಿಳಿ ಎಂದರೆ ಕಂಪ್ಯೂಟರಿನಲ್ಲಿರುವ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮು. ಕಣ್ಣು ಕಾಣದವರಿಗೆಂದು ನಾನೂ ಭೀಮೇಶನೂ ಸೇರಿ ಮಾಡಿ ಪುಕ್ಕಟೆ ಹಂಚಿದ್ದು. ಐದು ವರ್ಷದ ಹಿಂದೆ ಭೀಮೇಶ “ಇದನ್ನ ಯಾರ್ ಕೇಳ್ತಾರೆ ಗುರು” ಎಂದು ಬಿಟ್ಟುಹೋದ. ಈಗ ಇಂದಿರಾನಗರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನಂತೆ. ಅವನು ಹೊರಟ ದಿನ ನನಗೆ ಯಾರ ಹಂಗೂ ಬೇಡ ಎಂದಿದ್ದೆ. ಇವತ್ತಿಗೂ ಬೇಡ.

ಇ-ಮೇಲ್ ಬರೆದವರು ಶಿವಾಜಿನಗರದ ಉಮ್ಮೆ ಕುಲ್ಸುಂ. ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದವರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಆದರೂ ಮನೆಯಲ್ಲೇ ನಾಲ್ಕು ಹುಡುಗಿಯರಿಗೆ ಎಸ್‌ಎಸ್‌ಎಲ್‌ಸಿ ಕನ್ನಡ ಹೇಳಿಕೊಡುತ್ತಾರೆ. ಅವರಲ್ಲೊಬ್ಬಳು ಸ್ವಂತ ಮೊಮ್ಮಗಳು ಇಕ್ರಾ. ಬಾಕಿ ಎಲ್ಲ ವಿಷಯದಲ್ಲೂ ಪಾಸು, ಕನ್ನಡದಲ್ಲಿ ಫೇಲು, ಅದೂ ಕನ್ನಡ ಟೀಚರ್ ಮೊಮ್ಮಗಳು. ಟೀಚರ್ ತಮ್ಮ ನೋಟ್ಸನ್ನೆಲ್ಲ ಹಿಂದೆ ಟೈಪ್ ಮಾಡಿಟ್ಟಿದ್ದಾರೆ, ಆದರೆ ಹಳೇ ಕಾಲದ ಫಾಂಟಿನಲ್ಲಿ. ಫೋನಿಗೆ ಓದಿಸಿದರೆ ಬರೀ ಎಬಿಸಿಡಿ ಉದುರುತ್ತದಂತೆ. ಆ ಫಾಂಟು ಅರ್ಥವಾಗುವುದು ಗಿಳಿಗೆ ಮಾತ್ರ. ಹಳೆಯ ಕಂಪ್ಯೂಟರ್ ಸತ್ತು ಹೊಸದು ತಂದ ಮೇಲೆ ಗಿಳಿ ಬಾಯಿ ಬಿಡುತ್ತಿಲ್ಲ. ಮಾರ್ಚ್ ಮೂರನೇ ವಾರ ಪರೀಕ್ಷೆ.

ಏನೂ ಕೆಡದೇ ಇದ್ದಾಗ ನನಗೆ ಬರೆದವರು, ಫೋನ್ ಮಾಡಿದವರು ಈ ಭೂಮಿ ಮೇಲೆ ಯಾರೂ ಇಲ್ಲ. ಕಂಪನಿಯಲ್ಲಿದ್ದಾಗಲೂ ಹೀಗೇ ಇತ್ತು, ಕಂಪನಿ ಮನೆಗೆ ಕಳಿಸಿದ ಮೇಲೂ ಹೀಗೇ ಇದೆ.

ಏನು ಕೆಟ್ಟಿತು, ಏನು ಮಾಡಿದೆ, ಏನಾಯಿತು ಎಂದು ಬರೆದಿಡುವುದು ಕಂಪನಿಯಲ್ಲಿ ಅಂಟಿದ ಚಾಳಿ. ಮೆಡಿಕಲ್ ಶಾಪಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ಇದಕ್ಕಾಯಿತು.

ಜನವರಿ 30

ಗಿಳಿಯನ್ನು ಹೊಸ ಸಿಸ್ಟಮ್‌ಗೆ ಮೂಲ ಕೋಡಿನಿಂದ ಮತ್ತೆ ಕಟ್ಟಬೇಕು. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ದನಿ ಹೊರಡಿಸಲು ಗಿಳಿಗೆ ಒಂದು ಲೈಬ್ರರಿ ಬೇಕು, ಅಂದರೆ ಬೇರೆ ಯಾರೋ ಬರೆದಿಟ್ಟ ಕೋಡು. ಅದರ ಹೊಸ ವರ್ಷನ್ನಿಗೆ ನಮ್ಮ ಹಳೆಯ ಗಿಳಿಯ ಪರಿಚಯವೇ ಇಲ್ಲ. ಹಳೆಯ ವರ್ಷನ್ ಕಟ್ಟೋಣವೆಂದರೆ ಹಳೆಯ ಕಂಪೈಲರ್ ಬೇಕು, ಅಂದರೆ ಕೋಡನ್ನು ಓಡುವ ಪ್ರೋಗ್ರಾಮಾಗಿ ಮಾಡಿಕೊಡುವ ಸಲಕರಣೆ. ಹಳೆಯ ಕಂಪೈಲರ್ ಹೊಸ ಸಿಸ್ಟಮ್ ಮೇಲೆ ಕೂರುವುದಿಲ್ಲ, ಕೂರಿಸಲು ಮತ್ತೊಂದು ಲೈಬ್ರರಿ ಬೇಕು. ಆ ಲೈಬ್ರರಿ ಇಟ್ಟಿದ್ದ ವೆಬ್‌ಸೈಟಿನಲ್ಲಿ ಈಗ ಯಾರೋ ರಮ್ಮಿ ಆಡಿಸುತ್ತಿದ್ದಾರೆ.

ಹೀಗೆ ಒಂದು ಇನ್ನೊಂದನ್ನು ನೆಚ್ಚಿಕೊಂಡಿರುವುದಕ್ಕೆ ಭೀಮೇಶ ‘ಅವಲಂಬನೆ’ ಎಂದು ಹೆಸರಿಟ್ಟಿದ್ದ. ಗಿಳಿಯಲ್ಲಿ ಕಡತದ ಹೆಸರೂ ಕನ್ನಡದಲ್ಲೇ ಇರಬೇಕೆಂದು ಅವನ ಹಟ. ಹೊರಗಿನ ಲೈಬ್ರರಿಗಳನ್ನು ಇಡುವ ಫೋಲ್ಡರಿಗೂ ಅದೇ ಹೆಸರು ಟೈಪ್ ಮಾಡಿಟ್ಟು ಹೋಗಿದ್ದಾನೆ. ಆ ಫೋಲ್ಡರ್ ತೆರೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಫೆಬ್ರವರಿ 4

ಟೀಚರ್ ಮನೆಗೆ ಹೋಗಿದ್ದೆ. ಕಂಪ್ಯೂಟರನ್ನು ಕಣ್ಣಾರೆ ನೋಡದೆ ಆಗುವ ಕೆಲಸವಲ್ಲ. ಕೆ.ಆರ್. ಪುರದಿಂದ ಎಂ.ಜಿ. ರಸ್ತೆವರೆಗೆ ಮೆಟ್ರೋ, ಅಲ್ಲಿಂದ ಬಸ್ಸು. ಅವರ ಮನೆ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮೊದಲನೇ ಮಹಡಿ.

“ಗಿಳಿ ಮಾಡೋರು ಅಂದ್ರೆ ಯಾವ್ದೋ ದೊಡ್ಡ ಆಫೀಸು, ಹತ್ತಾರು ಜನ ಇರ್ತಾರೆ ಅಂದ್ಕೊಂಡಿದ್ದೆ” ಎಂದರು.

“ಒಬ್ನೇ ಮೇಡಂ.”

“ಹಾಗಾದ್ರೆ ಟೀ ಒಂದೇ ಸಾಕು. ಇಕ್ರಾ! ಏಕ್ ಚಾಯ್ ಬನಾ!”

ಕಂಪ್ಯೂಟರ್ ನೋಡಿದೆ. ಸಂಜೆ ಹುಡುಗಿಯರು ಬಂದರು. ಗಿಳಿ ಇಲ್ಲದ್ದರಿಂದ ನೋಟ್ಸನ್ನು ಅವರೇ ಪರದೆ ನೋಡಿ ಟೀಚರಿಗೆ ಓದಿ ಹೇಳಬೇಕು, ಟೀಚರ್ ಅದನ್ನು ವಿವರಿಸಬೇಕು. ಇಕ್ರಾ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ನನ್ನ ಟೀ ಆರಿತು. ‘ಪ್ರಾರ್ಥನೆ’ ಎಂಬಲ್ಲಿ ಸಿಕ್ಕಿಕೊಂಡವಳು ಆಚೆ ಬರಲೇ ಇಲ್ಲ. ನೋಡಲಾರದೆ ಒಂದು ಪುಟ ನಾನೇ ಓದಿದೆ, ಆಮೇಲೆ ಇನ್ನೊಂದು.

“ನಿಮ್ ಗಿಳಿಗಿಂತ ನೀವೇ ವಾಸಿ, ಪೂರ್ಣವಿರಾಮ ಬಂದ ಕಡೆ ಉಸಿರು ತಗೋತೀರ” ಎಂದರು ಟೀಚರ್.

ಗಿಳಿ ಸರಿಹೋಗುವವರೆಗೆ ಮಂಗಳವಾರ ಮತ್ತು ಶುಕ್ರವಾರ ಬಂದು ಓದುತ್ತೇನೆಂದು ಬಾಯಿ ಜಾರಿ ಒಪ್ಪಿಕೊಂಡು ಬಂದಿದ್ದೇನೆ. ಮನೆಯಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಜೀವ ಹೋಗುತ್ತದೆ. ಯಾಕೆ ಬೇಕಿತ್ತೋ.

ಫೆಬ್ರವರಿ 8

ಇಡೀ ಗಿಳಿಯನ್ನು ಕಟ್ಟುವ ಕ್ರಮ ಹೇಳುವ ಕಡತವೊಂದಿದೆ: ಮೊದಲು ಇದನ್ನು ತೆಗೆದುಕೋ, ಆಮೇಲೆ ಅದನ್ನು, ಇಂಥ ಫೋಲ್ಡರಿನಲ್ಲಿ ಹುಡುಕು, ಹೀಗೆ. ಅದು ಭೀಮೇಶ ಬರೆದದ್ದು, ಪೂರಾ ಕಗ್ಗಂಟು. ಇವತ್ತು ಅದನ್ನು ಬಿಸಾಕಿ ಹೊಸದು ಬರೆದೆ. ಅವನದರಿಂದ ಒಂದು ಅಕ್ಷರವನ್ನೂ ಕಾಪಿ ಮಾಡಲಿಲ್ಲ, ಪ್ರತಿ ಸಾಲನ್ನೂ ನನ್ನ ಕೈಯಿಂದಲೇ ಟೈಪ್ ಮಾಡಿದೆ. ಬಹಳ ಹಿತವಾಯಿತು.

ಹಿತವಾದ ಮೇಲೆ ಅಲ್ಲಿಗೇ ನಿಲ್ಲಿಸಬೇಕಿತ್ತು. ಭೀಮೇಶ ತನ್ನ ಕೋಡಿನ ನಡುನಡುವೆ ಟಿಪ್ಪಣಿ ಬರೆಯುವವನು, ಹಾಳು ಹರಟೆಯನ್ನೆಲ್ಲ ಅಲ್ಲಿ ತುಂಬಿಸುತ್ತಿದ್ದ. ಅದರಲ್ಲಿ ನನ್ನ ಬಗ್ಗೆ ಏನಾದರೂ ಇದೆಯೇ ನೋಡೋಣವೆಂದು ‘ಕೆಂಪರಾಜ್’ ಎಂದು ಹೊಡೆದು ಹುಡುಕಿದೆ. ಅವನ ಅಷ್ಟೂ ಕಡತಗಳಲ್ಲಿ ಸಿಕ್ಕಿದ್ದು ಸೊನ್ನೆ. ಸೈಕಲ್ ಬಗ್ಗೆ ಇದೆ, ಹಲಸೂರಿನ ಇಡ್ಲಿ ಹೋಟೆಲ್ ಬಗ್ಗೆ ಇದೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಹೆಸರು ಒಂದು ಕಡೆಯೂ ಇಲ್ಲ.

ಬೇಜಾರಾಯಿತು ಎಂದು ಬರೆದುಕೊಳ್ಳುವುದಕ್ಕೇನು, ಯಾರು ಓದುತ್ತಾರೆ. ಬಹಳ ಬೇಜಾರಾಯಿತು.

ಫೆಬ್ರವರಿ 12

ಕಟ್ಟಲಿಲ್ಲ.

ಫೆಬ್ರವರಿ 13

ಇವತ್ತೂ ಕಟ್ಟಲಿಲ್ಲ. ಮೊದಲನೇ ಲೈಬ್ರರಿ ಕಟ್ಟಲು ಎರಡನೆಯದು ಬೇಕು ಅನ್ನುತ್ತದೆ, ಎರಡನೆಯದು ಕಟ್ಟಲು ಮೊದಲನೆಯದು ಬೇಕು ಅನ್ನುತ್ತದೆ. ಈ ಕೌಂಟರಿನವನು ಆ ಕೌಂಟರಿನ ಚೀಟಿ ತಾ ಅಂದ ಹಾಗೆ, ಆ ಕೌಂಟರಿನವನು ಈ ಕೌಂಟರಿನ ಚೀಟಿ. ಇಂಟರ್‌ನೆಟ್ಟಿನಲ್ಲಿ ಒಬ್ಬ ಪುಣ್ಯಾತ್ಮ ನನ್ನದೇ ಸಮಸ್ಯೆ ಬರೆದಿದ್ದಾನೆ. ಕೊನೆಗೆ ‘ಸರಿಹೋಯಿತು, ಧನ್ಯವಾದ’ ಎಂದಿದ್ದಾನೆ. ಹೇಗೆ ಸರಿಹೋಯಿತು ಎಂದು ಹೇಳಿಲ್ಲ. ಅವನು ಕೈಗೆ ಸಿಗಬೇಕು.

ಗಿಳಿ ಸರಿಯಾಗಿ ಕಟ್ಟಿಕೊಂಡರೆ ತಾನಾಗಿಯೇ ಒಂದು ಮಾತು ಹೇಳುತ್ತದೆ: “ಊಟ ಆಯ್ತಾ?” ದನಿ ಬರುತ್ತಿದೆಯೇ ಎಂದು ತಿಳಿಯಲು ಭೀಮೇಶ ಹಾಕಿದ ಪರೀಕ್ಷೆಯ ವಾಕ್ಯ. ಇಷ್ಟು ವರ್ಷ ಸಣ್ಣಪುಟ್ಟ ರಿಪೇರಿ ಮಾಡಿದಾಗಲೆಲ್ಲ ಕೇಳಿಸಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ. ಈ ಮನೆಯಲ್ಲಿ ನನ್ನನ್ನು ಹಾಗೆ ಕೇಳುತ್ತಿದ್ದದ್ದು ಅದೊಂದೇ ಎಂದು ಇವತ್ತು ಅನ್ನ ಬಸಿಯುತ್ತಿದ್ದಾಗ ಹೊಳೆಯಿತು. ಅನ್ನ ಹಾಗೇ ಮುಚ್ಚಿಟ್ಟು ಹೋಗಿ ಮಲಗಿದೆ.

ಫೆಬ್ರವರಿ 18

ಮಂಗಳವಾರ. ಇವತ್ತು ವಿಭಕ್ತಿ ಪ್ರತ್ಯಯಗಳನ್ನು ಓದಿದೆ. ಹುಡುಗಿಯರು ನನಗೆ ‘ಗಿಳಿ ಅಂಕಲ್’ ಎಂದು ಹೆಸರಿಟ್ಟಿದ್ದಾರೆ. ನನ್ನ ಬೆನ್ನ ಹಿಂದೆ ಅನ್ನುತ್ತಿದ್ದೇವೆಂದು ತಿಳಿದಿದ್ದಾರೆ. ಹೊರಡುವಾಗ ಟೀಚರ್ ಮಾರುಕಟ್ಟೆಯ ಸೀಬೆಹಣ್ಣು ಕೊಟ್ಟು ಕಳಿಸಿದರು. ನಾನು ಸೀಬೆಹಣ್ಣು ತಿನ್ನುವುದಿಲ್ಲ. ಮೆಟ್ರೋದಲ್ಲಿ ತಿಂದೆ.

ಫೆಬ್ರವರಿ 22

ಅಬ್ಬಾ! ಕಂಪೈಲರ್ ಕೂತಿತು. ಎರಡು ಲೈಬ್ರರಿಗಳೂ ಕೂತವು. ರಮ್ಮಿಯವರು ನುಂಗಿದ್ದ ಲೈಬ್ರರಿ ನನ್ನದೇ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಸಿಕ್ಕಿತು. ಎಲ್ಲವನ್ನೂ ಒಪ್ಪವಾಗಿ ಅವಲಂಬನೆ ಫೋಲ್ಡರಿನಲ್ಲಿಟ್ಟು ಗಿಳಿ ಕಟ್ಟಲು ಹೇಳಿದರೆ, ಅವಲಂಬನೆ ಎಂಬ ಫೋಲ್ಡರೇ ಇಲ್ಲ ಅನ್ನುತ್ತದೆ!

ಇದೆ. ಕಣ್ಣೆದುರಿಗೇ ಇದೆ. ಒಳಗೆ ಹೋಗಿ ಬಂದಿದ್ದೇನೆ. ಅಕ್ಷರ ಅಕ್ಷರ ಹೋಲಿಸಿ ನೋಡಿದೆ: ಅ, ವ, ಲ, ಸೊನ್ನೆ, ಬ, ನೆ. ಕಂಪ್ಯೂಟರ್ ಮಾತ್ರ ಇಲ್ಲವೆಂದು ಒಂದೇ ಪಟ್ಟು ಹಿಡಿದಿದೆ.

ಫೆಬ್ರವರಿ 25

ಇನ್ನೂ ಅದೇ. ಸಿಸ್ಟಮ್ ಅಳಿಸಿ ಮತ್ತೆ ಹಾಕಿದೆ, ಪರ್ಮಿಷನ್ ಬದಲಿಸಿದೆ, ಬೈದೆ. ಬೈದದ್ದು ಭೀಮೇಶನನ್ನು, ಅವನದೇ ಫೋಲ್ಡರ್ ಆದ್ದರಿಂದ. ತಲೆ ಸಿಡಿಯುತ್ತಿತ್ತು, ಇವತ್ತು ಮಂಗಳವಾರವಾದರೂ ಹೋಗಲಿಲ್ಲ.

ಕೆಲಸ ಮಾಡದೆ ಕೂತಿದ್ದೇನೆಂದು ಟೀಚರ್ ತಿಳಿದುಕೊಳ್ಳಬಾರದು. ಕಂಪ್ಯೂಟರ್ ಹುಡುಕುತ್ತಿರುವ ಹೆಸರನ್ನೂ ಫೋಲ್ಡರಿನ ಹೆಸರನ್ನೂ ಇದ್ದ ಹಾಗೇ ಕಾಪಿ ಮಾಡಿ, ‘ಕಂಪ್ಯೂಟರ್ ಕೇಳುತ್ತಿರುವುದು ಇದು, ನನ್ನ ಹತ್ತಿರ ಇರುವುದು ಇದು, ಆದರೂ ಇಲ್ಲ ಅನ್ನುತ್ತಿದೆ’ ಎಂದು ಮೆಸೇಜ್ ಕಳಿಸಿದೆ. ಅವರ ಫೋನು ಅದನ್ನು ಓದಿ ಹೇಳಿತು. ಕೂಡಲೇ ಫೋನ್ ಮಾಡಿದರು.

“ಕೆಂಪರಾಜ್ ಅವರೇ, ನಿಮ್ಮ ಹತ್ರ ಇರೋದು ‘ಅವಲ ಸೊನ್ನೆ ಬನೆ’ನಾ? ಏನ್ರೀ ಅದು, ಯಾವುದಾದ್ರೂ ಊರಾ?”

“ಅವಲಂಬನೆ ಮೇಡಂ. ಫೋನಿಗೆ ಕನ್ನಡ ಓದಕ್ ಬರಲ್ಲ.”

“ಮೊದಲನೇ ಸಲ ಚೆನ್ನಾಗೇ ಓದ್ತಲ್ಲ?”

“ಅದು ಹಾಗೇ ಮೇಡಂ, ಒಂದೊಂದ್ಸಲ ತಪ್ಪು ಓದುತ್ತೆ” ಎಂದು ಸ್ವಲ್ಪ ಒರಟಾಗಿಯೇ ಹೇಳಿ ಇಟ್ಟೆ. ಈ ಫೋನುಗಳ ಯೋಗ್ಯತೆ ಇಷ್ಟೇ ಎಂದುಕೊಂಡೆ.

ಫೆಬ್ರವರಿ 28

ಪರೀಕ್ಷೆ ಹತ್ತಿರ ಬಂತು. ಕಟ್ಟಲಿಲ್ಲ. ಹೋಗಿ ಓದಿ ಬಂದೆ.

ಮಾರ್ಚ್ 4

ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ರಮ್ಜಾನ್ ಶುರುವಾಗಿದೆ. ಟೀಚರ್ ಉಪವಾಸ. ನನಗೆ ಟೀ ಬೇಡವೆಂದರೂ ಮಾಡಿಸಿದರು. “ಕುಡೀರಿ, ಸಂಕೋಚ ಬೇಡ. ನಾನೇನು ನೋಡ್ತೀನಾ?” ಎಂದು ತಾವೇ ನಕ್ಕರು. ಮೊದಲ ದಿನವಾಗಿದ್ದರೆ ಈ ಮಾತಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಇವತ್ತು ನಾನೂ ನಕ್ಕೆ.

ಓದು ಮುಗಿದ ಮೇಲೆ ಉಕ್ತಲೇಖನ. ಟೀಚರ್ ಹೇಳುವ ಪದಗಳನ್ನು ಹುಡುಗಿಯರು ಬರೆಯುವುದು, ಈಗ ಸ್ವಲ್ಪ ಪಳಗಿರುವ ಇಕ್ರಾ ನೋಡಿ ತಪ್ಪು ಹೇಳುವುದು. ಅಂಗಡಿ, ಬಂಡಿ, ಗಂಟೆ.

“ನಾನೀ, ಇವಳು ‘ಅಗಡಿ’ ಅಂತ ಬರ್ದಿದಾಳೆ” ಎಂದು ಇಕ್ರಾ ಅಜ್ಜಿಗೆ ಹೇಳಿದಳು.

“ಸೊನ್ನೆ ಹಾಕೋಕೆ ಹೇಳು.”

“ಯಾವ್ ಸೊನ್ನೆ ಟೀಚರ್?” ಎಂದಳು ಆ ಹುಡುಗಿ. “ಮ್ಯಾಥ್ಸ್ ಸೊನ್ನೆನಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೀಚರ್ ನಗಲಿಲ್ಲ. “ಪೆನ್ನಿಗೆ ಎರಡೂ ಒಂದೇ ಕಣಮ್ಮ. ದುಂಡಗೆ ಬರಿ ಸಾಕು.”

ನಾನು ಲೋಟ ಕೆಳಗಿಟ್ಟೆ. ಪೆನ್ನಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಅಲ್ಲ. ಅಕ್ಷರದ ಪಕ್ಕ ಬರುವ ಸೊನ್ನೆ ಬೇರೆ, ಲೆಕ್ಕದ ಕನ್ನಡ ಸೊನ್ನೆ ಬೇರೆ. ಪರದೆಯ ಮೇಲೆ ನೋಡಲು ಎರಡೂ ಒಂದೇ ಥರ ದುಂಡಗೆ ಕೂತಿರುತ್ತವೆ, ಒಳಗೆ ಬೇರೆ ಬೇರೆ. ಭೀಮೇಶ ಕನ್ನಡ ಟೈಪಿಂಗ್ ಕಲಿತದ್ದು ಹಲಸೂರಿನ ಒಂದು ಇನ್‌ಸ್ಟಿಟ್ಯೂಟಿನಲ್ಲಿ, ಹಳೆಯ ಮೆಷಿನ್ ಮೇಲೆ. ಅಲ್ಲಿ ಸೊನ್ನೆಗೆಲ್ಲ ಒಂದೇ ಕೀ ಎಂದು ಅವನೇ ಒಮ್ಮೆ ಹೇಳಿದ್ದ. ಕಂಪ್ಯೂಟರಿಗೆ ಬಂದ ಮೇಲೂ ಅವನ ಬೆರಳು ಲೆಕ್ಕದ ಸೊನ್ನೆಗೇ ಹೋಗುತ್ತಿತ್ತು. ಫೋಲ್ಡರಿನಲ್ಲಿ ಅವನ ಸೊನ್ನೆ. ಅವನ ಕಗ್ಗಂಟು ಕಡತದಲ್ಲೂ ಅವನದೇ ಸೊನ್ನೆ ಇತ್ತು, ಆದ್ದರಿಂದ ಇಷ್ಟು ವರ್ಷ ನಡೆಯಿತು. ನಾನು ಪೌರುಷ ತೋರಿಸಿ ಹೊಸದಾಗಿ ಟೈಪ್ ಮಾಡಿ ನನ್ನ ಸೊನ್ನೆ ಹಾಕಿದೆ. ಟೀಚರ್ ಫೋನು ‘ಅವಲ ಸೊನ್ನೆ ಬನೆ’ ಎಂದು ಸರಿಯಾಗಿಯೇ ಓದಿತ್ತು.

“ಮೇಡಂ, ಆ ಊರು ಸಿಕ್ತು!” ಎಂದು ಎದ್ದು ಓಡಿದೆ. ಓದುವ ಕನ್ನಡಕವನ್ನು ಅಲ್ಲೇ ಬಿಟ್ಟುಬಂದಿದ್ದೇನೆ.

ಮಾರ್ಚ್ 5

ಫೋಲ್ಡರಿನ ಹೆಸರಿನಲ್ಲಿ ಸೊನ್ನೆ ಬದಲಿಸಿದೆ, ಒಂದೇ ಒಂದು ಅಕ್ಷರ. ಕಟ್ಟು ಎಂದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗಿಳಿ ಕೇಳಿತು: “ಊಟ ಆಯ್ತಾ?”

ಇನ್ನೂ ಇಲ್ಲ ಎಂದೆ, ಗಟ್ಟಿಯಾಗಿಯೇ.

ಮಾರ್ಚ್ 7

ಟೀಚರ್ ಕಂಪ್ಯೂಟರಿಗೆ ಗಿಳಿ ಹಾಕಿಕೊಟ್ಟೆ. ನೋಟ್ಸನ್ನು ಗಡಗಡ ಓದಿತು, ಪೂರ್ಣವಿರಾಮದಲ್ಲಿ ಉಸಿರು ತೆಗೆದುಕೊಳ್ಳದೆ. ಹುಡುಗಿಯರು ಚಪ್ಪಾಳೆ ಹೊಡೆದರು. ಟೀಚರ್ ಕೈ ಮುಂದೆ ಚಾಚಿ, ನಾನು ನಿಂತ ಕಡೆ ಹುಡುಕಿ, ಹೆಗಲು ತಟ್ಟಿದರು. ನಾನು ಮೂಲೆಯಲ್ಲಿ ಕೂತೆ. ಓದಲು ಏನೂ ಇರಲಿಲ್ಲ. ಕನ್ನಡಕ ಜೇಬಿಗೆ ಹಾಕಿಕೊಂಡು ಬೇಗ ಹೊರಟೆ.

“ಮಂಗಳವಾರ ಬರ್ತೀರಲ್ಲ?” ಎಂದರು.

“ಈಗ ಗಿಳಿ ಇದೆಯಲ್ಲ ಮೇಡಂ.”

“ಗಿಳಿ ಟೀ ಕುಡಿಯಲ್ಲ, ಜಗಳಾನೂ ಆಡಲ್ಲ. ನೀವು ಬನ್ನಿ.”

ಮರ್ಯಾದೆಗೆ ಹಾಗೆ ಹೇಳುತ್ತಾರೆ. ನನಗೆ ಅರ್ಥವಾಗುತ್ತದೆ.

ಮಾರ್ಚ್ 11

ಮಂಗಳವಾರ. ಹೋಗಲಿಲ್ಲ. ಏನೂ ಕೆಟ್ಟಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ.

ಮಾರ್ಚ್ 14

ಫೋನನ್ನು ಎರಡು ಸಲ ತೆಗೆದು ನೋಡಿದೆ, ಸೈಲೆಂಟ್‌ನಲ್ಲಿ ಇದೆಯೋ ಏನೋ ಎಂದು. ಇರಲಿಲ್ಲ.

ಮಾರ್ಚ್ 26

ಇಕ್ರಾ ಫೋನ್ ಮಾಡಿದ್ದಳು. ಅವಳ ಹೆಸರು ಕಂಡದ್ದೇ ಗಿಳಿ ಮತ್ತೆ ಬಾಯಿ ಮುಚ್ಚಿತು ಅಂದುಕೊಂಡೆ.

“ಏನ್ ಕೆಟ್ಟಿತಮ್ಮ?”

“ಏನೂ ಕೆಟ್ಟಿಲ್ಲ ಅಂಕಲ್. ಕನ್ನಡ ಪೇಪರ್ ಆಯ್ತು. ಪೂರ್ತಿ ಬರ್ದೆ, ಒಂದೂ ಬಿಟ್ಟಿಲ್ಲ. ನಿಮ್ಗೆ ಹೇಳೋಣ ಅಂತ ಮಾಡ್ದೆ.”

“ಅಷ್ಟೇನಾ?”

“ಅಷ್ಟೇ. ಮತ್ತೆ ನಾನೀ ಕೇಳ್ತಿದಾರೆ, ನೀವು ಮಂಗಳವಾರ ಯಾಕ್ ಬರ್ಲಿಲ್ಲ ಅಂತ. ಹೋದ್ವಾರನೂ ಬರ್ಲಿಲ್ಲ. ಕೋಪಾನಾ ಅಂತೆ.”

ಕೋಪ ಏನಿಲ್ಲ, ಬರ್ತೀನಿ ಎಂದೆ. ಆಮೇಲೆ ಮನೆಯೆಲ್ಲ ಗುಡಿಸಿದೆ. ಯಾಕೋ ಒಂದು ಕಡೆ ಕೂರಲಾಗಲಿಲ್ಲ.

ಮಾರ್ಚ್ 27

ಗಿಳಿಯನ್ನು ಮುಚ್ಚುವ ಮಾತು ಸದ್ಯಕ್ಕೆ ಬೇಡ. ನನ್ನ ಹಾಗೆ ಒದ್ದಾಡುವವರು ಇನ್ನೂ ಇರಬಹುದು. ಎರಡು ಸೊನ್ನೆಯನ್ನೂ ಒಂದೇ ಎಂದು ತಿಳಿಯುವ ಹಾಗೆ ಇವತ್ತು ಗಿಳಿಯಲ್ಲಿ ಒಂದು ನಿಯಮ ಸೇರಿಸಿದೆ. ಓದುವಾಗಲೂ ಅಷ್ಟೇ, ಹುಡುಕುವಾಗಲೂ ಅಷ್ಟೇ, ಯಾರು ಯಾವ ಸೊನ್ನೆ ಹಾಕಿದ್ದರೂ ಗಿಳಿ ಗುರುತು ಹಿಡಿಯಬೇಕು.

ಕೆಲಸ ಮಾಡುತ್ತದೆಯೇ ನೋಡಲು ಸೊನ್ನೆ ಇರುವ ಒಂದು ಪದ ಬೇಕಿತ್ತು. ಕೈಗೆ ಬಂದದ್ದು ನನ್ನ ಹೆಸರೇ. ಭೀಮೇಶನ ಕಡತಗಳಲ್ಲಿ ಹುಡುಕು ಎಂದೆ.

ಪರದೆ ತುಂಬಿಹೋಯಿತು.

‘ಈ ಲೆಕ್ಕ ಕೆಂಪರಾಜ್‌ದು. ಸರಿಯಾಗಿದೆ, ಯಾರೂ ಮುಟ್ಟಬೇಡಿ.’ ‘ಇಲ್ಲಿ ನಾನು ಹೇಳಿದ್ದು ತಪ್ಪು, ಕೆಂಪರಾಜ್ ಹೇಳಿದ್ದೇ ಸರಿ. ಅವನಿಗೆ ಹೇಳಬೇಡಿ, ಹಾರಾಡುತ್ತಾನೆ.’ ‘ಕೆಂಪರಾಜ್‌ಗೆ ಜ್ವರ. ಇವತ್ತು ಇಷ್ಟು ಸಾಕು.’ ಓದಿದಷ್ಟೂ ಇದೆ. ಎಲ್ಲದರಲ್ಲೂ ಅವನ ಆ ದರಿದ್ರ ಸೊನ್ನೆ. ಕೊನೆಯದು ಅವನು ಬಿಟ್ಟುಹೋದ ದಿನದ್ದು. ಅದನ್ನು ಇಲ್ಲಿ ಇದ್ದ ಹಾಗೇ ಬರೆದುಕೊಳ್ಳುತ್ತೇನೆ:

‘ನಾನು ಹೊರಟೆ. ಏನಾದರೂ ಕೆಟ್ಟರೆ ಕೆಂಪರಾಜ್‌ನನ್ನು ಕೇಳಿ. ಏನೂ ಕೆಡದಿದ್ದರೂ ಒಂದು ಸಲ ಕೇಳಿ. ಅವನು ಒಬ್ಬನೇ ಇರುತ್ತಾನೆ.’

ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಆಮೇಲೆ ಅವನ ನಂಬರು ಹುಡುಕಿ ಮಾಡಿದೆ. ಸೈಕಲ್ ಬೆಲ್ ಸದ್ದು, ಯಾರೋ ಚೌಕಾಸಿ ಮಾಡುತ್ತಿದ್ದರು. ನನ್ನ ದನಿ ಕೇಳಿ ‘ಆಮೇಲ್ ಬನ್ನಿ’ ಎಂದು ಗಿರಾಕಿಯನ್ನು ಕಳಿಸಿದ.

“ಏನ್ ಗುರು,” ಎಂದ ಆಮೇಲೆ, “ಏನ್ ಕೆಟ್ಟಿತು?”

“ಏನೂ ಕೆಟ್ಟಿಲ್ಲ ಕಣೋ” ಎಂದೆ. “ಊಟ ಆಯ್ತಾ?”